ಬೆನ್ನು ಮಣ್ಣಿಗೆ ಹತ್ತದ ಕಾಳಗಗಳು

ಆಕಾಶವಾಣಿ ಕೇಳುಗರಿಗೆ ನಮಸ್ಕಾರ.

ದಾವಣಗೆರೆಯಲ್ಲಿ ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ. ಜಾತ್ರೆ ಅಂದಮೇಲೆ ಕುಸ್ತಿ ಇರಲೇಬೇಕು. ಕೊನೆಯ ದೊಡ್ಡ ಜೋಡಿ ಅಖಾಡಕ್ಕೆ ಇಳಿದಾಗ ಹಲಗೆ ಬಡಿಯುವವರ ಕೈ ಜೋರಾಗುತ್ತದೆ, ಪೈಲ್ವಾನರು ಬಗ್ಗಿ ಒಂದು ಹಿಡಿ ಮಣ್ಣು ತಗೊಂಡು ಎದುರಾಳಿಯ ತೋಳಿಗೆ ಸವರುತ್ತಾರೆ. ಸುತ್ತ ಕೂತ ಜನಕ್ಕೆ ಬೇಕಾಗಿರೋದು ಒಂದೇ: ಒಬ್ಬನ ಬೆನ್ನು ಮಣ್ಣಿಗೆ ಹತ್ತಬೇಕು. ಹೊತ್ತಾಯಿತು, ಇಬ್ಬರೂ ಸಮ ಅಂತ ಪಂಚರು ಬಿಡಿಸಿಬಿಟ್ಟರೋ, ಮಂಡಕ್ಕಿ ಮಿರ್ಚಿ ಅಂಗಡಿಯವರೆಗೂ ಬೈಕೊಂಡೇ ಹೋಗುತ್ತಾರೆ.

ಇವತ್ತು ನಾನು ಮಾತಾಡಬೇಕಿರೋದು ಬಾಕ್ಸಿಂಗ್ ಬಗ್ಗೆ. ಒಂದೇ ಒಂದು ದೊಡ್ಡ ಕಾಳಗ ಚಾಂಪಿಯನ್‌ಗಳ ಹೆಸರನ್ನು ಏನು ಮಾಡುತ್ತದೆ ಅನ್ನೋದು ವಿಷಯ. ಗೆದ್ದವನ ಹೆಸರು ಏರುತ್ತದೆ, ಸೋತವನದು ಇಳಿಯುತ್ತದೆ, ಇದರಲ್ಲಿ ಹೇಳೋದೇನಿದೆ ಅನ್ನಬಹುದು. ಅಷ್ಟು ಸರಳವಾಗಿದ್ದರೆ ಈ ಭಾಷಣಕ್ಕೆ ಎರಡು ನಿಮಿಷ ಸಾಕಾಗುತ್ತಿತ್ತು. ನನಗೆ ಕಂಡಿದ್ದೇ ಬೇರೆ. ಗೆದ್ದವನ ಗೆಲುವಿನ ಬೆಲೆ ಬಹಳ ಸಲ ಸೋತವನ ಕೈಯಲ್ಲೇ ಉಳಿದಿರುತ್ತದೆ, ಅದೂ ಕಾಳಗ ಮುಗಿದು ಎಷ್ಟೋ ವರ್ಷದವರೆಗೆ.

1974ರ ಅಕ್ಟೋಬರ್ 30. ಆಫ್ರಿಕಾದ ಕಿನ್ಶಾಸಾ. ಒಂದು ಕಡೆ 32 ವರ್ಷದ ಮುಹಮ್ಮದ್ ಅಲಿ, ಇನ್ನೊಂದು ಕಡೆ ಆಗಿನ ವಿಶ್ವ ಚಾಂಪಿಯನ್, 25ರ ಜಾರ್ಜ್ ಫೋರ್‌ಮನ್. ಅಲಿಯನ್ನು ಅಲ್ಲಿಯವರೆಗೆ ಸೋಲಿಸಿದ್ದವರು ಇಬ್ಬರೇ, ಜೋ ಫ್ರೇಜಿಯರ್ ಮತ್ತು ಕೆನ್ ನಾರ್ಟನ್. ಆ ಇಬ್ಬರನ್ನೂ ಫೋರ್‌ಮನ್ ಎರಡೆರಡು ಸುತ್ತಿನಲ್ಲಿ ಮುಗಿಸಿದ್ದ. ಫ್ರೇಜಿಯರ್‌ನನ್ನಂತೂ ಆರು ಸಲ ಕೆಡವಿದ್ದ. ನಲವತ್ತು ಕಾಳಗ ಆಡಿ ಒಂದನ್ನೂ ಸೋತಿರದ ಆಸಾಮಿ. ಅಲಿ ಹಗ್ಗಕ್ಕೆ ಒರಗಿ, ಮೊಣಕೈ ಪಕ್ಕೆಗೆ ಒತ್ತಿ, ಹೊಡಿ ಹೊಡಿ ಅಂತ ಕೆಣಕುತ್ತಾ ಅವನ ತೋಳು ಸೋಲುವವರೆಗೆ ಹೊಡೆಸಿಕೊಂಡ. ಎಂಟನೇ ಸುತ್ತಿನಲ್ಲಿ ಹಗ್ಗದಿಂದ ಈಚೆ ಬಂದು ಕೆಡವಿದ.

ಇದು ಎಲ್ಲರಿಗೂ ಗೊತ್ತಿರುವ ಕಥೆ. ಮುಂದಿನದನ್ನು ಜೋಡಿಸಿ ನೋಡುವವರು ಕಡಿಮೆ. ಫೋರ್‌ಮನ್ 1977ರಲ್ಲಿ ಆಟ ಬಿಟ್ಟು ಚರ್ಚಿನಲ್ಲಿ ಬೋಧಕನಾದ. ಹತ್ತು ವರ್ಷ ಬಿಟ್ಟು ದಪ್ಪ ಹೊಟ್ಟೆ ಹೊತ್ತು ವಾಪಸ್ ಬಂದಾಗ ಜನ ನಕ್ಕರು. 1994ರ ನವೆಂಬರ್‌ನಲ್ಲಿ, 45ನೇ ವಯಸ್ಸಿನಲ್ಲಿ, ಅಂಕಗಳಲ್ಲಿ ಹಿಂದೆ ಬಿದ್ದಿದ್ದವನು ಹತ್ತನೇ ಸುತ್ತಿನಲ್ಲಿ ಆಗಿನ ಚಾಂಪಿಯನ್ ಮೈಕಲ್ ಮೂರರ್‌ನನ್ನು ಮಲಗಿಸಿ ಮತ್ತೆ ವಿಶ್ವ ಚಾಂಪಿಯನ್ ಆದ. ಆ ಏಟಿನಿಂದ ಅಲಿಯ ಹೆಸರೂ ಒಂದು ಮೆಟ್ಟಿಲು ಏರಿತು ಅಂತ ನನ್ನ ಲೆಕ್ಕ. ಇಪ್ಪತ್ತು ವರ್ಷದ ನಂತರವೂ ಬಾಗದ ಇಂಥವನನ್ನು ಅಲಿ ಅವನ ಏರು ಜವ್ವನದಲ್ಲಿ ಕೆಡವಿದ್ದನಲ್ಲ! ಮನೆಯಲ್ಲಿ ಕೂತಿದ್ದ ಅಲಿಗೆ ಪುಕ್ಕಟೆ ಸಿಕ್ಕ ಗೆಲುವು ಅದು.

ಬಸ್ಟರ್ ಡಗ್ಲಸ್‌ಗೆ ಇಂಥ ಅದೃಷ್ಟ ಇರಲಿಲ್ಲ. 1990ರ ಫೆಬ್ರವರಿಯಲ್ಲಿ ಟೋಕಿಯೊದಲ್ಲಿ, ಅಲ್ಲಿಯವರೆಗೆ ಯಾರಿಗೂ ಸೋತಿರದ ವಿಶ್ವ ಚಾಂಪಿಯನ್ ಮೈಕ್ ಟೈಸನ್‌ನನ್ನು ಬೀಳಿಸಿದವನು ಅವನು. ತಾಯಿ ತೀರಿಕೊಂಡು ತಿಂಗಳೂ ಆಗಿರಲಿಲ್ಲ. ಎಂಟನೇ ಸುತ್ತಿನಲ್ಲಿ ತಾನೇ ಬಿದ್ದು ಎದ್ದು, ಹತ್ತನೆಯದರಲ್ಲಿ ಟೈಸನ್‌ನನ್ನು ಕೆಡವಿದ. ಅದೇ ಅಕ್ಟೋಬರ್‌ನಲ್ಲಿ ಹೋಲಿಫೀಲ್ಡ್ ಎದುರು ಮೂರನೇ ಸುತ್ತಿಗೇ ಮಲಗಿದ. ಈಗ ಏನಾಗಿದೆ? ಆ ರಾತ್ರಿಯ ಮಾತು ಬಂದರೆ ಟೈಸನ್ ಸರಿಯಾಗಿ ತಯಾರಿ ಮಾಡಿರಲಿಲ್ಲ ಅಂತಾರೆ. ಡಗ್ಲಸ್ ಅಷ್ಟು ಚೆನ್ನಾಗಿ ಆಡಿದ್ದನ್ನು ಯಾರೂ ಎತ್ತಲ್ಲ. ನನ್ನ ಕೇಳಿದರೆ ಇದು ಅನ್ಯಾಯ.

ಹೊತ್ತು ಮೀರಿದ ಕಾಳಗವೂ ಉಂಟು. ಆ ಕಾಲದ ಇಬ್ಬರು ದೊಡ್ಡ ಬಾಕ್ಸರ್‌ಗಳಾದ ಮೇವೆದರ್ ಮತ್ತು ಪ್ಯಾಕಿಯಾವೊ ಆಡಬೇಕು ಅನ್ನುವ ಮಾತುಕತೆ 2009-10ರ ಹೊತ್ತಿಗೇ ನಡೆದು, ಉದ್ದೀಪನ ಮದ್ದು ಪತ್ತೆಹಚ್ಚುವ ರಕ್ತ ಪರೀಕ್ಷೆಯ ತಕರಾರಿನಲ್ಲಿ ಮುರಿದುಬಿತ್ತು. ಕೊನೆಗೆ ಆಡಿದ್ದು 2015ರ ಮೇ 2ರಂದು. ಅಷ್ಟರಲ್ಲಿ ಒಬ್ಬನಿಗೆ 38, ಇನ್ನೊಬ್ಬನಿಗೆ 36. ಅಮೆರಿಕದಲ್ಲಿ ನಲವತ್ತು ಲಕ್ಷಕ್ಕೂ ಹೆಚ್ಚು ಮನೆಯವರು ದುಡ್ಡು ಕೊಟ್ಟು ಟಿವಿಯಲ್ಲಿ ನೋಡಿದರು. ಮೇವೆದರ್ ಅಂಕದ ಮೇಲೆ ಗೆದ್ದ, ಪ್ಯಾಕಿಯಾವೊ ಭುಜದ ನೋವು ಅಂದ, ಇಬ್ಬರ ಜೇಬೂ ತುಂಬಿತು. ಹೆಸರು ಮಾತ್ರ ಇಬ್ಬರದೂ ಇದ್ದಲ್ಲೇ ಇದೆ. ಹದ ತಪ್ಪಿದ ಮೇಲೆ ಬಿತ್ತಿದ ಜೋಳದ ಹಾಗೆ: ಮಳೆ ಬಂದರೂ ತೆನೆ ಕಟ್ಟಲಿಲ್ಲ.

ಇನ್ನು ನನಗೆ ನಿದ್ದೆ ಕೆಡಿಸುವ ಕಾಳಗಕ್ಕೆ ಬರುತ್ತೇನೆ. 1987ರ ಏಪ್ರಿಲ್ 6, ಲಾಸ್ ವೇಗಸ್. ಮಾರ್ವಿನ್ ಹ್ಯಾಗ್ಲರ್ 1980ರಿಂದ ಪಟ್ಟ ಬಿಟ್ಟುಕೊಡದ, ಮಧ್ಯಮ ತೂಕದ ವಿಭಾಗದ ಅಂದರೆ ಮಿಡ್ಲ್‌ವೇಟ್ ಚಾಂಪಿಯನ್, 12 ಸಲ ಅದನ್ನು ಉಳಿಸಿಕೊಂಡವನು. ಎದುರಿಗೆ ಶುಗರ್ ರೇ ಲೆನಾರ್ಡ್. ಕಣ್ಣಿನ ಅಕ್ಷಿಪಟಲಕ್ಕೆ ಶಸ್ತ್ರಚಿಕಿತ್ಸೆಯಾಗಿ ಐದು ವರ್ಷದಲ್ಲಿ ಒಂದೇ ಒಂದು ಕಾಳಗ ಆಡಿದ್ದವನು. ಆದರೆ ಕರಾರಿನಲ್ಲಿ ಜಾಣ: ಸುತ್ತು ಹದಿನೈದು ಬೇಡ, ಹನ್ನೆರಡು ಸಾಕು, ರಿಂಗ್ ದೊಡ್ಡದಿರಲಿ, ಗ್ಲೌಸ್ ದಪ್ಪನೆಯದಿರಲಿ. ಹೆಚ್ಚು ದುಡ್ಡು ಬರುತ್ತದಲ್ಲ ಅಂತ ಹ್ಯಾಗ್ಲರ್ ಎಲ್ಲಕ್ಕೂ ಹೂಂ ಅಂದ. ಎಡಗೈ ಆಟಗಾರನಾದ ಅವನು ಮೊದಲ ಸುತ್ತುಗಳಲ್ಲಿ ಬಲಗೈಯವನ ಹಾಗೆ ನಿಂತು ಆಡಿದ್ದು ಯಾಕೋ, ಆ ದೇವರಿಗೇ ಗೊತ್ತು. ಲೆನಾರ್ಡ್ ಕಡೆಯವನೊಬ್ಬ ಸುತ್ತಿನ ಕೊನೆ 30 ಸೆಕೆಂಡ್ ಉಳಿದಾಗ ಕೂಗುತ್ತಿದ್ದ; ಲೆನಾರ್ಡ್ ಆಗ ಪಟಪಟ ಅಂತ ಹೊಡೆದು ತೀರ್ಪುಗಾರರ ಕಣ್ಣು ತುಂಬುತ್ತಿದ್ದ.

ಬಾಕ್ಸಿಂಗ್‌ನಲ್ಲಿ ಸುತ್ತು ಗೆದ್ದವನಿಗೆ 10, ಸೋತವನಿಗೆ ಸಾಮಾನ್ಯವಾಗಿ 9. ತೀರ್ಪುಗಾರರಲ್ಲಿ ಒಬ್ಬರು 115-113 ಹ್ಯಾಗ್ಲರ್ ಅಂದರು, ಇನ್ನೊಬ್ಬರು ಅದೇ 115-113ನ್ನು ಲೆನಾರ್ಡ್‌ಗೆ ಕೊಟ್ಟರು. ಮೂರನೆಯವರು 118-110 ಲೆನಾರ್ಡ್, ಅಂದರೆ ಹನ್ನೆರಡರಲ್ಲಿ ಹತ್ತು ಸುತ್ತು! ಲೆನಾರ್ಡ್ ಗೆದ್ದ ಅನ್ನುವವರೂ ಈ ಅಂಕಪಟ್ಟಿ ನೋಡಿ ತಲೆ ಕೆರೆದುಕೊಳ್ಳುತ್ತಾರೆ. ಹ್ಯಾಗ್ಲರ್ ಮತ್ತೊಂದು ಕಾಳಗ ಕೇಳಿದ, ಸಿಗಲಿಲ್ಲ. ಮುಂದಿನ ವರ್ಷ ನಿವೃತ್ತಿ ಹೇಳಿ ಇಟಲಿಗೆ ಹೋಗಿ ಸಿನಿಮಾದಲ್ಲಿ ನಟಿಸಿದ. 2021ರಲ್ಲಿ ತೀರಿಕೊಳ್ಳುವವರೆಗೂ ಮತ್ತೆ ರಿಂಗಿಗೆ ಇಳಿಯಲೇ ಇಲ್ಲ.

ಹಾಗಂತ ಅವನ ಹೆಸರು ಕುಗ್ಗಿತಾ? ಇಲ್ಲ. ಬೆನ್ನು ಮಣ್ಣಿಗೆ ಹತ್ತಿದ್ದರೆ ಆವತ್ತೇ ಮಾತು ಮುಗಿಯುತ್ತಿತ್ತು. ಹತ್ತದೇ ಇದ್ದದ್ದರಿಂದ, ಲೆನಾರ್ಡ್‌ನ ಆ ದೊಡ್ಡ ಗೆಲುವಿನ ಬಗ್ಗೆ ಯಾರು ಬರೆದರೂ ಹ್ಯಾಗ್ಲರ್‌ನ ಅಹವಾಲನ್ನೂ ಜೊತೆಗೆ ಬರೆಯಬೇಕಾಗಿದೆ.

ಆ ಕಾಳಗದ ವಿಡಿಯೊ ಈಗ ಮೊಬೈಲಿನಲ್ಲೇ ಸಿಗುತ್ತದೆ. ವೀಕ್ಷಕ ವಿವರಣೆಯ ಸದ್ದು ಪೂರ್ತಿ ತೆಗೆದು, ಕಾಗದ ಪೆನ್ನು ಹಿಡಿದು, ಸುತ್ತು ಸುತ್ತಿಗೂ ನೀವೇ ಅಂಕ ಹಾಕಿ. ನನ್ನ ಕಾಗದದಲ್ಲಿ ಹ್ಯಾಗ್ಲರ್ ಗೆದ್ದಿದ್ದಾನೆ. ಗರಡಿಯ ನನ್ನ ಗೆಳೆಯನ ಕಾಗದದಲ್ಲಿ ಲೆನಾರ್ಡ್. ಐದನೇ ಸುತ್ತು ಹ್ಯಾಗ್ಲರ್‌ನದು ಅನ್ನೋದರಲ್ಲಿ ಮಾತ್ರ ಇಬ್ಬರದೂ ಒಂದೇ ಮಾತು.

ನಮಸ್ಕಾರ.