ಕೂಸಿಗೆ ಮಾತಿಗೆ ಮಾತು ಬೇಕು

ಕೇಳುಗರೆಲ್ಲರಿಗೂ ನಮಸ್ಕಾರ. ಮಧ್ಯಾಹ್ನದ ಈ ಹೊತ್ತಿನಲ್ಲಿ ಜ್ವಾಳ ಹಸನ ಮಾಡುತ್ತಲೋ, ಕೌದಿ ಹೊಲಿಯುತ್ತಲೋ ರೇಡಿಯೋ ಹಚ್ಚಿಕೊಂಡು ಕೂತಿರುವ ತಾಯಂದಿರು, ಆಯಿಗಳು, ನಿಮ್ಮ ಸಲುವಾಗಿಯೇ ಇವತ್ತು ಬಂದಿದ್ದೇನೆ. ನಾನು ಹುಬ್ಬಳ್ಳಿಯಲ್ಲಿ ವಾಕ್ ಮತ್ತು ಶ್ರವಣ ತಜ್ಞೆ. ಮಾತು ತಡವಾದ ಮಕ್ಕಳ ಜೊತೆ ನೆಲದ ಮೇಲೆ ಕೂತು ಅವರನ್ನು ಮಾತಾಡಿಸುವುದು ನನ್ನ ಕೆಲಸ. ಮೊಬೈಲು, ಟಿವಿಗಳಿಂದ ಮಕ್ಕಳ ಬುದ್ಧಿಗೆ ಏನಾಗುತ್ತದೆ ಹೇಳಿ ಎಂದು ಆಕಾಶವಾಣಿಯವರು ಕೇಳಿದ್ದಾರೆ. ನಾನು ಒಂದೇ ಮಾತು ಹೇಳುವವಳು, ಅದನ್ನೇ ಮತ್ತೆ ಮತ್ತೆ ಹೇಳುತ್ತೇನೆ. ಕೂಸಿಗೆ ಮಾತಿಗೆ ಮಾತು ಬೇಕು. ಅದು "ಊಂ" ಅಂದರೆ ನೀವೂ ಏನಾದರೂ ಅನ್ನಬೇಕು. ಅದು ಬೆರಳು ಮಾಡಿ ತೋರಿಸಿದರೆ ನೀವು ಅತ್ತ ನೋಡಿ, "ಹೌದಲ್ಲ, ಆಕಳ ಬಂತು ನೋಡು" ಅನ್ನಬೇಕು. ಮೊಬೈಲು ತನ್ನ ಪಾಡಿಗೆ ತಾನು ಮಾತಾಡುತ್ತದೆ. ಕೂಸು ಏನಂದಿತು ಎಂದು ಕೇಳಿಸಿಕೊಳ್ಳುವುದಿಲ್ಲ.

ಐದು ವರ್ಷ ತುಂಬುವ ಹೊತ್ತಿಗೆ ಮಗುವಿನ ಮಿದುಳು ದೊಡ್ಡವರ ಮಿದುಳಿನ ಗಾತ್ರದ ಸುಮಾರು 90 ಭಾಗ ಬೆಳೆದಿರುತ್ತದೆ, ನೂರಕ್ಕೆ. ಹದ ಇದ್ದಾಗ ಬಿತ್ತಬೇಕು ಎಂದು ರೈತರ ಮನೆಯವರಿಗೆ ನಾನು ಹೇಳಿಕೊಡಬೇಕಿಲ್ಲ. ಮಾತಿನ ಹದವಂತೂ ಇನ್ನೂ ಬೇಗ ಬರುತ್ತದೆ. ಕೆನಡಾದಲ್ಲಿ ಜಾನೆಟ್ ವರ್ಕರ್ ಎಂಬ ಸಂಶೋಧಕಿ 1984ರಲ್ಲಿ ಒಂದು ವಿಷಯ ತೋರಿಸಿಕೊಟ್ಟರು. ಇಂಗ್ಲಿಷ್ ಮನೆಗಳ ಆರೆಂಟು ತಿಂಗಳ ಕೂಸುಗಳು ಹಿಂದಿಯ ತ ಮತ್ತು ಟ ಬೇರೆ ಬೇರೆ ಎಂದು ಗುರುತಿಸುತ್ತಿದ್ದವು. ವರ್ಷ ತುಂಬುವ ಹೊತ್ತಿಗೆ ಹೆಚ್ಚಿನವಕ್ಕೆ ಅದು ತಪ್ಪಿಹೋಗಿತ್ತು, ಏಕೆಂದರೆ ಮನೆಯಲ್ಲಿ ಆ ಎರಡು ಸದ್ದುಗಳನ್ನು ಯಾರೂ ಆಡುತ್ತಿರಲಿಲ್ಲ. ಅಂದರೆ ಇನ್ನೂ ಒಂದು ಹೆಜ್ಜೆ ಇಡದ ಕೂಸು ತನ್ನ ಮನೆಯ ಮಾತನ್ನು ಆಗಲೇ ಆರಿಸಿಕೊಳ್ಳುತ್ತಿದೆ.

ಹಾಗಾದರೆ ಟಿವಿಯಲ್ಲಿ ಕೇಳಿಸಿದರೂ ಆಯಿತಲ್ಲ, ಅನ್ನುತ್ತೀರಿ. ಆಗುವುದಿಲ್ಲ. ಅಮೆರಿಕದ ಸಿಯಾಟಲ್‌ನಲ್ಲಿ ಪೆಟ್ರಿಶಿಯಾ ಕೂಲ್ ಮತ್ತು ಅವರ ಸಂಗಡಿಗರು ಒಂಬತ್ತು ತಿಂಗಳ ಕೂಸುಗಳಿಗೆ ಚೀನೀ ಭಾಷೆ ಕೇಳಿಸಿದರು. ಅದು ಪ್ರಕಟವಾದದ್ದು 2003ರಲ್ಲಿ. ಕೆಲವು ಕೂಸುಗಳ ಎದುರು ಮನುಷ್ಯರೇ ಕೂತು ಆಟಿಕೆ ಹಿಡಿದು, ಪುಸ್ತಕ ತೋರಿಸಿ ಮಾತಾಡಿದರು. ಒಟ್ಟು 12 ಸಲ, ಅಷ್ಟೇ. ಆ ಕೂಸುಗಳು ಚೀನೀ ಸದ್ದುಗಳನ್ನು ಗುರುತಿಸಲು ಕಲಿತವು. ಇನ್ನು ಕೆಲವು ಕೂಸುಗಳಿಗೆ ಅದೇ ಜನ, ಅದೇ ಮಾತು, ಆದರೆ ಟಿವಿಯಲ್ಲಿ. ಅವು ಏನೂ ಕಲಿಯಲಿಲ್ಲ. ಬರೀ ಧ್ವನಿ ಕೇಳಿದ ಕೂಸುಗಳೂ ಕಲಿಯಲಿಲ್ಲ. ಆದ್ದರಿಂದ, ಈಗ ನಿಮ್ಮ ತೊಡೆಯ ಮೇಲೆ ಕೂಸಿದ್ದರೆ ಅದು ನನ್ನ ಮಾತಿನಿಂದಲೂ ಕಲಿಯುವುದಿಲ್ಲ. ನಡುನಡುವೆ ನೀವು ಅದರ ಮುಖ ನೋಡಿ ಆಡುವ ಮಾತಿನಿಂದ ಕಲಿಯುತ್ತದೆ.

ಒಬ್ಬ ಹುಡುಗನ ಸಂಗತಿ ಹೇಳುತ್ತೇನೆ. ಬ್ಯಾಡಗಿ ಕಡೆಯವರು. ತಾಯಿ ಮತ್ತು ಆಯಿ ಅವನನ್ನು ಕರೆದುಕೊಂಡು ಬಂದರು. ಮೂರು ವರ್ಷಕ್ಕೆ ಸ್ವಲ್ಪ ಕಡಿಮೆ. ಆಯಿ ಬಂದವರೇ, "ನಮ್ಮ ಹುಡುಗ ಭಾಳ ಶ್ಯಾಣ್ಯಾ ಅದಾನ್ರಿ ಮೇಡಂ. ಇಂಗ್ಲಿಷ್‌ನಾಗ ಇಪ್ಪತ್ತರ ಮಟಾ ಎಣಸ್ತಾನ. ಆದ್ರ ಅವ್ವ ಅಂತ ಕರಿಯಂಗಿಲ್ಲ" ಅಂದರು. ಹುಡುಗ ನಿಜವಾಗಿಯೂ ಎಣಿಸಿದ, ಕಾರ್ಟೂನಿನ ಅದೇ ರಾಗದಲ್ಲಿ. ಬಣ್ಣಗಳ ಹೆಸರು ಹೇಳಿದ. ನಾನು ಚೆಂಡೊಂದನ್ನು ಕಪಾಟಿನ ಮೇಲಿಟ್ಟೆ. ಅವನಿಗೆ ಅದು ಬೇಕು. ಕೇಳಲಿಲ್ಲ, ಬೆರಳು ಮಾಡಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. ನನ್ನ ಮುಂಗೈ ಹಿಡಿದು ಕಪಾಟಿನ ಕಡೆ ಎಳೆದ. ಎರಡು ಗೋಲಿ ಕೊಡು ಅಂದೆ. ಹಿಡಿ ತುಂಬ ಕೊಟ್ಟ. ಇಪ್ಪತ್ತರ ತನಕ ಬಾಯಿಪಾಠ ಇತ್ತು, ಎರಡು ಅಂದರೆ ಎಷ್ಟು ಎಂಬುದು ಗೊತ್ತಿರಲಿಲ್ಲ.

ಕಿವಿ ಪರೀಕ್ಷೆ ಮಾಡಿದೆವು, ಕಿವಿ ಚೆನ್ನಾಗಿತ್ತು. ದಿನ ಹೇಗೆ ಕಳೆಯುತ್ತಾನೆ ಎಂದು ಕೇಳಿದೆ. ಆ ಮನೆಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸ. ಚೀಲಗಟ್ಟಲೆ ಬರುತ್ತದೆ, ಪಡಸಾಲೆ ತುಂಬ ಮೆಣಸಿನಕಾಯಿ. "ಖಾರದ ಕೈ ಕಣ್ಣಿಗಿ ಹಚಗೊಂಡ್ರ ಏನ್ ಮಾಡ್ಲಿರಿ? ಅದಕ್ಕ ಒಳಗ ಮೊಬೈಲ್ ಕೊಟ್ಟು ಕುಂದ್ರಸ್ತೀನಿ" ಅಂದಳು ತಾಯಿ. ಬೆಳಗಿನಿಂದ ದೀಪ ಹಚ್ಚುವ ತನಕ. ಆಕೆಯ ಮೇಲೆ ತಪ್ಪು ಹೊರಿಸುವವರು ಒಂದು ದಿನ ಆ ಖಾರದ ನಡುವೆ ಕೂತು ನೋಡಬೇಕು.

ನಾನು ಆಯಿಗೆ ಒಂದು ಕೆಲಸ ಹಚ್ಚಿದೆ. ಮುಂಜಾನೆ ರೊಟ್ಟಿ ಬಡಿಯುವಾಗ ಹುಡುಗ ನಿಮ್ಮ ಪಕ್ಕದಲ್ಲಿರಲಿ, ಒಲೆಯಿಂದ ದೂರ. ಕೈಗೆ ಒಂದು ಹಿಟ್ಟಿನ ಉಂಡೆ ಕೊಡಿ. ನೀವು ಎರಡು ಸಲ ಬಡಿಯಿರಿ, ಕೈ ಮೇಲೆತ್ತಿ ನಿಲ್ಲಿಸಿ. ಅವನು ಏನಾದರೂ ಮಾಡುವ ತನಕ ಸುಮ್ಮನೆ ಕಾಯಿರಿ. ಕಾಯುವುದೇ ಕಷ್ಟ. ನಾವೆಲ್ಲ ಮಗುವಿಗೆ ಮಾತು ಹೇಳಿಕೊಡಲು ಅವಸರ ಮಾಡುತ್ತೇವೆ. ಅದರ ಸರದಿ ಬಿಟ್ಟುಕೊಡುವುದಿಲ್ಲ. ಆ ಆಯಿ ಮಾತ್ರ ಎಂಥ ಜಾಣೆ! ಮೊಬೈಲನ್ನು ಪಕ್ಕದ ಮನೆಯಲ್ಲಿ ಇಟ್ಟು ಬಂದರು. ಮೊದಮೊದಲು ಹುಡುಗ ಅತ್ತು ಹೊರಳಾಡಿದ, ಮನೆಯವರು ಗಟ್ಟಿಯಾಗಿ ನಿಂತರು. ಬರಬರುತ್ತ, ಆಯಿ ಕೈ ಎತ್ತಿ ನಿಲ್ಲಿಸಿದಾಗ ಅವನು ಮೊದಲು ಕೈ ನೋಡಿದ, ಆಮೇಲೆ ಮುಖ ನೋಡಿದ. ಮುಖ ನೋಡಿದ ಎಂದು ಕೇಳಿದ ದಿನ ನನಗಾದ ಸಂತೋಷ ಹೇಳತೀರದು, ಮಾತು ಶುರುವಾಗುವುದೇ ಅಲ್ಲಿಂದ. ಆಮೇಲೆ "ಬಡಿ" ಅಂದ. ಕೆಲವು ತಿಂಗಳು ಕಳೆದ ಮೇಲೆ "ಆಯಿ, ಬಡಿ." ಆಯಿಗೆ ಒಂದೇ ಚಿಂತೆ: "ಇಂಗ್ಲಿಷ್ ಎಣಿಕಿ ಮರತಾನ್ರಿ." ಮರೆಯಲಿ ಬಿಡಿ ಅಂದೆ. ಈಗ ತಾಟಿನ ಮೇಲಿನ ರೊಟ್ಟಿ ಮುಟ್ಟಿ ಮುಟ್ಟಿ ಒಂದು, ಎರಡು ಅನ್ನುತ್ತಾನೆ, ಮೂರನೆಯದು ಬೇಕೆಂದು ಹಟ ಮಾಡುತ್ತಾನೆ. ಇದು ಲೆಕ್ಕ. ಇದು ವಿಚಾರ ಮಾಡುವುದು.

ಇಷ್ಟೆಲ್ಲ ಹೇಳಿದ ಮೇಲೂ ಜನ ನನ್ನನ್ನು ಕೇಳುವುದು, ಯಾವ ಆ್ಯಪ್ ಛಲೋ ಮೇಡಂ, ಅಂತ. ದಯವಿಟ್ಟು ಅದನ್ನು ಕೇಳಬೇಡಿ. ಎರಡು ವರ್ಷದೊಳಗಿನ ಕೂಸಿಗೆ ಯಾವುದೂ ಬೇಡ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಇದನ್ನು ಹೇಳಿದೆ, ಎರಡರಿಂದ ನಾಲ್ಕು ವರ್ಷದವರಿಗೂ ದಿನಕ್ಕೆ ಒಂದು ತಾಸಿಗಿಂತ ಹೆಚ್ಚು ಬೇಡ ಎಂದಿದೆ. ಆ ಒಂದು ತಾಸೂ ಪಕ್ಕದಲ್ಲಿ ನೀವು ಕೂತು, "ಅದೇನದು? ಎಲ್ಲಿ ಹೋತು?" ಎಂದು ಕೇಳುತ್ತಿರಬೇಕು. ಗೋವಾಕ್ಕೆ ದುಡಿಯಲು ಹೋದ ಅಪ್ಪ ವಿಡಿಯೋ ಕಾಲ್‌ನಲ್ಲಿ ಮಾತಾಡಿದರೆ ಅದಕ್ಕೆ ನನ್ನ ಅಡ್ಡಿಯಿಲ್ಲ. ಅಲ್ಲಿ ಮಾತಿಗೆ ಮಾತು ಸಿಗುತ್ತದೆ. ಊಟ ಮಾಡಿಸಲು ಮಾತ್ರ ಮೊಬೈಲ್ ಹಿಡಿಯಬೇಡಿ. ತುತ್ತು ತುತ್ತಿಗೂ ಮಾತಾಡಿಸಬಹುದಾದ ಹೊತ್ತು ಅದು.

ಶಾಲೆಗೆ ಹೋಗುವ ಮಕ್ಕಳು, ರೀಲ್ಸು, ಗೇಮು, ಇವುಗಳ ಬಗ್ಗೆಯೂ ಹೇಳಬೇಕಿತ್ತು, ಸಮಯ ಮುಗಿಯುತ್ತ ಬಂತು. ರಾತ್ರಿ ಮಲಗುವ ಕೋಣೆಯಲ್ಲಿ ಮೊಬೈಲ್ ಬೇಡ, ನಿದ್ದೆ ಕೆಟ್ಟರೆ ಓದಿದ್ದು ನೆನಪಿನಲ್ಲಿ ನಿಲ್ಲುವುದಿಲ್ಲ. ಊಟಕ್ಕೆ ಕೂತಾಗ ದೊಡ್ಡವರೂ ತಮ್ಮ ಮೊಬೈಲನ್ನು ಗೋಡೆಯ ಮಾಡದಲ್ಲಿ ಇಡಲಿ.

ಇನ್ನೊಂದನ್ನು ಬಿಡುವಂತಿಲ್ಲ. ವರ್ಷ ತುಂಬಿದರೂ ಹೆಸರಿಗೆ ತಿರುಗದ, ಒಂದೂವರೆ ವರ್ಷವಾದರೂ ಒಂದು ಮಾತೂ ಆಡದ, ಎರಡು ವರ್ಷಕ್ಕೆ ಎರಡು ಪದ ಕೂಡಿಸದ ಮಗುವಿದ್ದರೆ, "ಅವರಪ್ಪನೂ ತಡಾ ಮಾತಾಡಿದ್ದ" ಎಂದು ಕೂರಬೇಡಿ. ಮೊಬೈಲ್ ಕಸಿದುಕೊಂಡರೆ ಎಲ್ಲ ಸರಿಹೋಗುತ್ತದೆ ಎಂದೂ ಕೂರಬೇಡಿ. ಮೊದಲು ಕಿವಿ ಪರೀಕ್ಷೆ ಆಗಲಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಅಂಗನವಾಡಿಗೇ ಬರುತ್ತದೆ, ತಪಾಸಣೆಗೆ ದುಡ್ಡು ಕೊಡಬೇಕಿಲ್ಲ. ಯಾವತ್ತು ಬರುತ್ತಾರೆ ಎಂದು ನಾಳೆಯೇ ಅಂಗನವಾಡಿ ಟೀಚರ್‌ನ ಕೇಳಿ, ಆ ದಿನ ಹೊಲದ ಕೆಲಸ ಬಿಟ್ಟಾದರೂ ಮಗುವನ್ನು ಕರೆದುಕೊಂಡು ಹೋಗಿ. ನಮಸ್ಕಾರ.