ಲ್ಯಾರಿ ಹರ್ಡ್ ಅಂದ್ರೆ ಒಂದೇ ಹಾಡಾ?

ನಮಸ್ಕಾರ, ಬನ್ನಿ. ಇವತ್ತು ಬೇರೆ ವಿಷಯ ಇಟ್ಕೊಂಡಿದ್ದೆ, ಪಕ್ಕಕ್ಕಿಟ್ಟೆ. ಹೋದ ಎಪಿಸೋಡ್ ಕೆಳಗೆ ಬಂದ ಒಂದು ಕಾಮೆಂಟ್ ಎರಡು ದಿನದಿಂದ ತಲೆ ಕೊರೀತಿದೆ. "ಲ್ಯಾರಿ ಹರ್ಡ್ 'ಕ್ಯಾನ್ ಯೂ ಫೀಲ್ ಇಟ್' ಮಾಡಿದ್ರು, ಅಲ್ಲಿಗೆ ಮುಗೀತು. ಹೌಸ್‌ನಲ್ಲಿ ಆಲ್ಬಂ ಯಾರ್ರೀ ಕೇಳ್ತಾರೆ?"

ನಾನು ಕೇಳ್ತೀನಿ! ಗೊತ್ತಿಲ್ಲದವರಿಗೆ, ಹೌಸ್ ಅಂದ್ರೆ ಅಮೆರಿಕದ ಶಿಕಾಗೊದಲ್ಲಿ ಹುಟ್ಟಿದ ಎಲೆಕ್ಟ್ರಾನಿಕ್ ಡ್ಯಾನ್ಸ್ ಸಂಗೀತ, ಹರ್ಡ್ ಅಲ್ಲಿಯ ಸಂಗೀತಗಾರ. ಅವರ ದೊಡ್ಡತನ ಇರೋದೇ ಆಲ್ಬಂಗಳಲ್ಲಿ. ಇವತ್ತು ಇದೊಂದನ್ನೇ ಹೇಳ್ತೀನಿ.

ಆ ಹಾಡನ್ನ ನಾನು ಕಡಿಮೆ ಮಾಡ್ತಿಲ್ಲ. 1986, ಶಿಕಾಗೊ. ಒಂದು ಜೂನೋ-60 ಸಿಂಥ್, ಅಂದ್ರೆ ಎಲೆಕ್ಟ್ರಾನಿಕ್ ಕೀಬೋರ್ಡ್, ಜೊತೆಗೆ ಒಂದು ಟಿಆರ್-909 ಡ್ರಮ್ ಮಷೀನ್. ಹರ್ಡ್ ಅದಕ್ಕೂ ಮುಂಚೆ ಬ್ಯಾಂಡ್‌ಗಳಲ್ಲಿ ಡ್ರಮ್ಸ್ ಬಾರಿಸ್ತಿದ್ದವರು. ಹೆಡ್‌ಫೋನ್ ಹಾಕ್ಕೊಂಡು ಕೇಳಿ. ಕೆಳಗೆ ಬೇಸ್ ಒಂದೇ ಸಮ ನಡ್ಕೊಂಡು ಹೋಗ್ತಿರುತ್ತೆ, ಮೇಲೆ ಆ ಕಾರ್ಡ್‌ಗಳು ಮಂಜಿನ ಹಾಗೆ ನಿಧಾನಕ್ಕೆ ಹರಡ್ಕೊಳ್ತವೆ. ಮೂಲದಲ್ಲಿ ಹಾಡುಗಾರಿಕೆನೇ ಇಲ್ಲ. ಆಮೇಲೆ ಯಾರೋ ಅದರ ಮೇಲೆ ಮಾರ್ಟಿನ್ ಲೂಥರ್ ಕಿಂಗ್ ಭಾಷಣ ಕೂರಿಸಿದ್ರು, ಅದೂ ಕೂತ್ಕೊಳ್ತು. ಅಷ್ಟು ಜಾಗ ಬಿಟ್ಟಿದ್ರು ಅದರೊಳಗೆ. ಸರಿ, ಒಪ್ಪಿದೆ. ಆದ್ರೆ ಒಂದು ಬಾಗಿಲು ನೋಡಿ ಇಡೀ ಮನೆ ನೋಡ್ದೆ ಅಂತ ಹೇಳ್ತೀರಲ್ಲ!

1988ಕ್ಕೆ ಬನ್ನಿ. 'ಅನದರ್ ಸೈಡ್'. ಹರ್ಡ್, ಗಾಯಕ ರಾಬರ್ಟ್ ಓವೆನ್ಸ್, ರಾನ್ ವಿಲ್ಸನ್ ಸೇರಿ ಫಿಂಗರ್ಸ್ ಇಂಕ್ ಹೆಸರಲ್ಲಿ ಮಾಡಿದ ಡಬಲ್ ಎಲ್‌ಪಿ, ಅಂದ್ರೆ ಎರಡು ರೆಕಾರ್ಡ್‌ಗಳ ಆಲ್ಬಂ. ಆಗ ಹೌಸ್ ಅಂದ್ರೆ 12 ಇಂಚಿನ ಸಿಂಗಲ್. ಡಿಜೆ ಕೈಗೆ ಒಂದು ಹಾಡು ಕೊಟ್ಟರೆ ಕೆಲಸ ಆಯ್ತು. ಇವರು ನಾಲ್ಕು ಮಗ್ಗುಲಿನ ರೆಕಾರ್ಡ್ ಕೊಟ್ರು! 'ಡಿಸ್ಟೆಂಟ್ ಪ್ಲಾನೆಟ್' ಹಾಕಿ. ಓವೆನ್ಸ್ ಕೂಗಲ್ಲ. ಕಿವಿ ಹತ್ತಿರ ಬಂದು, ಯಾರಿಗೂ ಹೇಳದ ಮಾತು ನಿಮಗೊಬ್ಬರಿಗೇ ಹೇಳೋ ಹಾಗೆ ಹಾಡ್ತಾರೆ. ಅದಾದ ಮೇಲೆ 'ಬ್ರಿಂಗ್ ಡೌನ್ ದ ವಾಲ್ಸ್' ಕೇಳಿ, ಅದೇ ಗಂಟಲು ಗೋಡೆ ಕೆಡವೋಕೆ ನಿಂತಿರುತ್ತೆ. ಒಂಟಿತನದಿಂದ ಜನರ ನಡುವಿಗೆ ಬರೋ ಈ ದಾರಿ ಒಂದು ಸಿಂಗಲ್‌ನಲ್ಲಿ ಹಿಡಿಸಲ್ಲ. ಆಲ್ಬಂ ಬೇಕು.

"ಹೌಸ್ ಇರೋದು ಕುಣಿಯೋಕೆ, ಕೂತು ಕೇಳೋಕಲ್ಲ" ಅಂತ ಇನ್ನೊಬ್ರು. ಓಹೋ! ಕುಣಿದು ಕಾಲು ಸೋತು ಮನೆಗೆ ಬಂದವರು ಏನು ಕೇಳ್ಬೇಕು, ಫ್ಯಾನ್ ಸದ್ದಾ? ಹೆಸರಲ್ಲೇ ಮನೆ ಇರೋ ಸಂಗೀತ ಮನೇಲಿ ಕೇಳ್ಬಾರ್ದಾ?

ಅಂದ ಹಾಗೆ, ಇನ್ನೂ ಸಬ್‌ಸ್ಕ್ರೈಬ್ ಆಗಿಲ್ಲ ಅಂದ್ರೆ ಆಗಿಬಿಡಿ. ಮುಂದಿನ ಎಪಿಸೋಡ್ ಪೂರ್ತಿ ರಾಬರ್ಟ್ ಓವೆನ್ಸ್ ಬಗ್ಗೆ.

ಎಲ್ಲಿದ್ದೆ? ಹಾಂ, 1992, ಹರ್ಡ್ ಅವರ 'ಇಂಟ್ರೊಡಕ್ಷನ್'. ಹೊರತಂದಿದ್ದು ಎಂಸಿಎ ಅಂಥ ದೊಡ್ಡ ರೆಕಾರ್ಡ್ ಕಂಪನಿ. "ತುಂಬಾ ಮೆತ್ತಗಾಯ್ತು" ಅಂತಾರೆ. ಮೆತ್ತಗಿದ್ರೆ ಏನ್ರೀ ತಪ್ಪು? 'ವಾಟ್ ಅಬೌಟ್ ದಿಸ್ ಲವ್' ಅಲ್ಲಿ ಅವರೇ ಹಾಡಿದ್ದಾರೆ, ಸಂಕೋಚದ ಮನುಷ್ಯನ ದನಿ ಅದು. ನನಗೆ ಅದೇ ಇಷ್ಟ. ಆ ಕಂಪನಿ ಬಿಟ್ಟ ಮೇಲೆ 1994ರಲ್ಲಿ 'ಸೀನರೀಸ್ ನಾಟ್ ಸಾಂಗ್ಸ್', ಅಂದ್ರೆ ಹಾಡುಗಳಲ್ಲ, ನೋಟಗಳು. ಇನ್ನೂ ಸಿಂಗಲ್ ಸಿಂಗಲ್ ಅಂತೀರಾ? ಅವರೇ ಹೆಸರಿಟ್ಟು ಹೇಳಿದ್ದಾರೆ! 1996ರಲ್ಲಿ 'ಏಲಿಯನ್', ಪೂರ್ತಿ ಬಾಹ್ಯಾಕಾಶ. 2018ರಲ್ಲಿ, ಮಿಸ್ಟರ್ ಫಿಂಗರ್ಸ್ ಅನ್ನೋ ತಮ್ಮ ಇನ್ನೊಂದು ಹೆಸರಲ್ಲಿ 24 ವರ್ಷ ಆದ್ಮೇಲೆ, 'ಸೆರೆಬ್ರಲ್ ಹೆಮಿಸ್ಫಿಯರ್ಸ್'. ಗಂಟೆಗೂ ಮೀರಿದ ಆಲ್ಬಂ. ಒಂದು ಹಾಡಿನವರು ಹೀಗೆ ಮಾಡ್ತಾರಾ?

ಡಿಜೆ ಫ್ರಾಂಕಿ ನಕಲ್ಸ್ ದೊಡ್ಡವರಲ್ವಾ ಅಂತೀರಿ. ದೊಡ್ಡವರೇ, ಅವರು ನುಡಿಸ್ತಿದ್ದ ವೇರ್‌ಹೌಸ್ ಕ್ಲಬ್‌ನಿಂದಲೇ ಹೌಸ್ ಅನ್ನೋ ಹೆಸರು ಬಂತು. ಅದಕ್ಕೂ ಇದಕ್ಕೂ ಏನು ಸಂಬಂಧ? ನಾನು ಕೇಳ್ತಿರೋದು ಆಲ್ಬಂ. ಆಲ್ಬಂ! 2020ರಲ್ಲಿ ಹರ್ಡ್, ಓವೆನ್ಸ್ ಇಬ್ಬರೂ ತಮ್ಮದೇ ಹಳೆ ಹಾಡುಗಳಿಗಾಗಿ ಟ್ರಾಕ್ಸ್ ಅನ್ನೋ ರೆಕಾರ್ಡ್ ಕಂಪನಿ ಮೇಲೆ ಕೋರ್ಟಿಗೆ ಹೋಗ್ಬೇಕಾಯ್ತು. ಅಂಥವರನ್ನ ನಾವು ಒಂದು ಹಾಡಿಗೆ ಕಟ್ಟಿ ಹಾಕೋದಾ? ನನಗಾಗಲ್ಲ. ಅಷ್ಟೇ, ಆಗಲ್ಲ.

ಕಾಮೆಂಟ್ ಹಾಕಿದವರೇ, ಇವತ್ತು ರಾತ್ರಿ ಫೋನ್ ದೂರ ಇಟ್ಟು 'ಅನದರ್ ಸೈಡ್' ಮೊದಲಿಂದ ಕೊನೇವರೆಗೂ ಕೇಳಿ. ನಡುವೆ ಸ್ಕಿಪ್ ಮಾಡ್ಬೇಡಿ. ಆಮೇಲೆ ಬಂದು ಬರೀರಿ, ಕಾಯ್ತಿರ್ತೀನಿ.