ಚಿಕ್ಕಪೇಟೆಯ ಉಣ್ಣೆಗೆ ಟ್ರೌಟ್ ಮೀನು ಮೋಸ ಹೋಗುತ್ತದೆಯೇ?

[ದೃಶ್ಯ: ಅಂಗೈಯಲ್ಲಿ ಅಕ್ಕಿಕಾಳಿಗಿಂತ ತುಸು ದಪ್ಪನೆಯ, ಬೂದುಬಣ್ಣದ ಹುಳುವಿನಂಥದ್ದು]

ನಮಸ್ಕಾರ. ಗಾಬರಿಯಾಗಬೇಡಿ, ಇದಕ್ಕೆ ಜೀವವಿಲ್ಲ. ಗಾಳದ ಕೊಕ್ಕೆಗೆ ಉಣ್ಣೆ ದಾರ ಸುತ್ತಿದ್ದೇನೆ, ಅಷ್ಟೇ. ಟ್ರೌಟ್ ಹಿಡಿಯುವವರು ಇದನ್ನು ಫ್ಲೈ ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಹುಸಿ ಎರೆ.

ಬೆಂಗಳೂರಿನ ಕೆರೆಗಳಲ್ಲಿ ಟ್ರೌಟ್ ಸಿಗುವುದಿಲ್ಲ. ಅದಕ್ಕೆ ತಣ್ಣನೆಯ, ಹರಿಯುವ, ತಿಳಿನೀರು ಬೇಕು. ಬ್ರಿಟಿಷರ ಕಾಲದಲ್ಲಿ ಹೊರದೇಶದಿಂದ ತಂದು ನೀಲಗಿರಿ, ಹಿಮಾಚಲಗಳ ಹೊಳೆಗಳಿಗೆ ಬಿಟ್ಟ ಮೀನು ಅದು. ಹಿಡಿಯಲು ಹೋಗುವ ಮೊದಲು ಅಲ್ಲಿನ ಪರವಾನಗಿ ಪಡೆಯಿರಿ. ಆದರೆ ಎರೆ ಕಟ್ಟುವ ಕೆಲಸಕ್ಕೆ ನಮ್ಮ ಪೇಟೆ ಬೀದಿಗಳೇ ಸಾಕು.

[ದೃಶ್ಯ: ಮೇಜಿನ ಮೇಲೆ ಉಣ್ಣೆಯ ಉಂಡೆ, ತಾಮ್ರದ ತಂತಿ, ಬಣ್ಣವಿಲ್ಲದ ನೇಲ್ ಪಾಲಿಷ್]

ಇಂಗ್ಲೆಂಡಿನ ಏವನ್ ನದಿಯ ಕಾವಲುಗಾರ ಫ್ರಾಂಕ್ ಸಾಯರ್ ಕಟ್ಟಿದ ‘ಕಿಲ್ಲರ್ ಬಗ್’ ಇದಕ್ಕೆ ಮಾದರಿ. ಅವರು ಬಳಸಿದ್ದು ಎರಡೇ ವಸ್ತು: ತಾಮ್ರದ ತಂತಿ ಮತ್ತು ಕಾಲುಚೀಲದ ತೂತು ಹೊಲಿಯಲು ಮಾರುತ್ತಿದ್ದ ಚಾಡ್ವಿಕ್ಸ್ 477 ಎಂಬ ಉಣ್ಣೆ. ಆ ಉಣ್ಣೆಯ ತಯಾರಿಕೆ ನಿಂತ ಮೇಲೆ, ಉಳಿದ ಚೂರುಪಾರನ್ನು ಮೀನು ಹಿಡಿಯುವವರು ದುಬಾರಿ ಬೆಲೆ ಕೊಟ್ಟು ಕೊಳ್ಳತೊಡಗಿದರು. ಹರಿದ ಕಾಲುಚೀಲದ ದಾರಕ್ಕೆ ಅಂಥ ಭಾಗ್ಯ! ನನಗೆ ಆ ನಂಬರಿನ ಮೋಹವಿಲ್ಲ. ಗುಲಾಬಿ ಛಾಯೆಯ ಬೂದುಬಣ್ಣದ ಉಣ್ಣೆ ಸಿಕ್ಕರೆ ಸಾಕು.

ಆದರೆ ಅದು ಉಣ್ಣೆಯೇ ಆಗಿರಬೇಕು. ನಾನು ಮೊದಲ ಸಲ ಎಡವಿದ್ದೇ ಇಲ್ಲಿ. ಒಂದು ಅಂಗಡಿಯಲ್ಲಿ “ಅಪ್ಪಟ ಉಲ್ಲನ್ ಸಾರ್” ಎಂದರು. ತಂದು ಹನ್ನೆರಡು ಎರೆ ಕಟ್ಟಿದೆ. ಆಮೇಲೆ ಅನುಮಾನ ಬಂದು ಒಂದು ಎಳೆಗೆ ಕಡ್ಡಿ ಗೀರಿದೆ.

[ದೃಶ್ಯ: ಹತ್ತಿರದಿಂದ, ಎರಡು ಎಳೆಗಳು ಉರಿಯುತ್ತಿವೆ]

ನೋಡಿ. ಎಡಗಡೆಯದು ಕರಗಿ ಗಟ್ಟಿ ಕರಿಮಣಿಯಾಯಿತು: ಅಕ್ರಿಲಿಕ್, ಅಂದರೆ ಕೃತಕ ನೂಲು. ಬಲಗಡೆಯದು ಕೂದಲು ಸುಟ್ಟ ವಾಸನೆ ಬೀರಿತು, ಬೆರಳಲ್ಲಿ ಉಜ್ಜಿದರೆ ಪುಡಿಯಾಯಿತು: ಉಣ್ಣೆ. ಈ ಎರೆ ಮುಳುಗಬೇಕು. ಉಣ್ಣೆ ನೀರು ಕುಡಿದು ಭಾರವಾಗುತ್ತದೆ. ಅಕ್ರಿಲಿಕ್ ಅಷ್ಟು ಕುಡಿಯುವುದಿಲ್ಲ.

ತಂತಿಗೆ ಕರಕುಶಲ ಅಂಗಡಿಯೂ ಬೇಡ. ಮೋಟರ್ ರಿವೈಂಡಿಂಗ್ ಮಾಡುವವರ ಬಳಿ 36 ಗೇಜಿನ ತಂತಿ ಕೇಳಿ, ಸುಮಾರು 0.19 ಮಿಲಿಮೀಟರ್ ದಪ್ಪದ್ದು. ನಾನು ಕೇಳಿದ ಅಂಗಡಿಯವರು ತುಂಡು ತಂತಿಗೆ ದುಡ್ಡನ್ನೇ ತೆಗೆದುಕೊಳ್ಳಲಿಲ್ಲ. ಮೀನಿಗೆ ಎಂದಾಗ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

[ದೃಶ್ಯ: ಇಕ್ಕಳದ ಬಾಯಲ್ಲಿ ಕೊಕ್ಕೆ, ಹಿಡಿಗಳಿಗೆ ರಬ್ಬರ್ ಬ್ಯಾಂಡ್ ಬಿಗಿದಿದೆ]

ಕೊಕ್ಕೆ 14ನೇ ನಂಬರಿನದು. ಇದರಲ್ಲಿ ಮಾತ್ರ ಜಿಪುಣತನ ಬೇಡ. ಅಗ್ಗದ ಕೊಕ್ಕೆ ಮೀನು ಎಳೆದಾಗ ನೆಟ್ಟಗಾಗಿಬಿಡುತ್ತದೆ. ಕೊಕ್ಕೆಯ ಕಣ್ಣು, ಅಂದರೆ ಗಾಳದ ದಾರ ಕಟ್ಟುವ ಉಂಗುರ, ಅದರ ಹಿಂದಿನಿಂದ ತಂತಿ ಸುತ್ತುತ್ತಾ ಬಾಗಿನವರೆಗೆ ಹೋಗಿ, ಮತ್ತೆ ಕಣ್ಣಿನ ಕಡೆಗೆ ಬನ್ನಿ. ಅಲ್ಲಿ ಉಣ್ಣೆಯ ತುದಿ ಇಟ್ಟು, ಅದರ ಮೇಲೆಯೇ ತಂತಿ ಸುತ್ತಿ ಬಾಗಿಗೆ ಒಯ್ದು ಬಿಡಿ. ಈಗ ಉಣ್ಣೆಯ ಸರದಿ: ಬಾಗಿಗೆ, ಮತ್ತೆ ಕಣ್ಣಿಗೆ, ಮತ್ತೆ ಬಾಗಿಗೆ. ನಡು ದಪ್ಪ, ತುದಿಗಳು ಸಣ್ಣ. ಕೊನೆಗೆ ತಂತಿಯಿಂದ ನಾಲ್ಕು ಸುತ್ತು ಬಿಗಿದು, ಮಿಕ್ಕಿದ್ದನ್ನು ಕತ್ತರಿಸಿ, ಒಂದು ಹನಿ ನೇಲ್ ಪಾಲಿಷ್. ಬೆರಳು ನಡುಗಿದರೆ ಉಸಿರು ಬಿಟ್ಟು ಮತ್ತೆ ಸುತ್ತಿ.

ತೇಲುವ ಎರೆ ಬೇಕೆಂದರೆ, ಮಕ್ಕಳ ಶಾಲಾ ಪ್ರಾಜೆಕ್ಟಿಗೆ ಮಾರುವ ಕಪ್ಪು ಫೋಮ್ ಹಾಳೆಯಿಂದ ಒಂದು ಪಟ್ಟಿ ಕತ್ತರಿಸಿ ನಡುವಿಗೆ ದಾರ ಬಿಗಿಯಿರಿ. ಇರುವೆ ಸಿದ್ಧ.

ಗರಿಯ ವಿಷಯ ಕೇಳುವವರಿಗೆ ಒಂದು ಮಾತು. ಹಳೆಯ ವಿಲಾಯತಿ ಎರೆಗಳಲ್ಲಿ ಮಿಂಚುವ ‘ಜಂಗಲ್ ಕಾಕ್’ ಗರಿ ನಮ್ಮ ಪಶ್ಚಿಮಘಟ್ಟದ ಬೂದು ಕಾಡುಕೋಳಿಯದೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಆ ಹಕ್ಕಿಗೆ ರಕ್ಷಣೆ ಇದೆ, ಅದರ ತಂಟೆಗೆ ಹೋಗಬೇಡಿ. ಊರಿನ ನಾಟಿ ಹುಂಜದ ಕುತ್ತಿಗೆ ಗರಿಯನ್ನು ಶಾಂಪೂ ಹಾಕಿ ತೊಳೆದುಕೊಳ್ಳಿ.

[ದೃಶ್ಯ: ಸ್ನಾನದ ಬಕೆಟ್. ಅಕ್ರಿಲಿಕ್ ಎರೆ, ಉಣ್ಣೆಯ ಎರೆ, ಒಟ್ಟಿಗೆ ನೀರಿಗೆ]

ಎರಡನ್ನೂ ಬಿಡುತ್ತಿದ್ದೇನೆ. ಉಣ್ಣೆಯದು ಒದ್ದೆಯಾಗುತ್ತಲೇ ಗುಲಾಬಿಗೆ ತಿರುಗಿತು, ನೋಡಿದಿರಾ? ತಳ ಸೇರಿತು. ಅಕ್ರಿಲಿಕ್ ಎರೆ ಗುಳ್ಳೆಗಳನ್ನು ಅಪ್ಪಿಕೊಂಡು ಈಗಷ್ಟೇ ತಳದ ಕಡೆಗೆ ಹೊರಟಿದೆ.